ಎದುರಿನ ತಟ್ಟೆ

ಗಂಡನನ್ನು ಬಿಟ್ಟುಹೋಗಿ ಎರಡು ವರ್ಷವಾದ ಮೇಲೆ, ಬೇರೆ ದಾರಿ ಕಾಣದೆ, ಅವಳು ಅವನನ್ನೇ ಹುಡುಕಿಕೊಂಡು ಬಂದಳು. ಶನಿವಾರ ಮಧ್ಯಾಹ್ನ ಅವನ ಊಟ ಥಾಯ್ ಕುಟುಂಬವೊಂದರ ಪುಟ್ಟ ಹೋಟೆಲಿನಲ್ಲಿ ಎಂದು ನೆರೆಮನೆಯವರು ಹೇಳಿದ್ದರು.

ಅವನೊಬ್ಬನೇ ಕೂತಿದ್ದ. ಆದರೆ ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ಅವಳು ಮೇಜಿನ ಬಳಿ ಹೋಗಿ ನಿಂತಳು.

"ಇನ್ನೊಂದು ಯಾರಿಗೆ?"

"ನಿಂಗೇ," ಎಂದ, ತಲೆಯೆತ್ತದೆ. "ಈ ಹೋಟ್ಲಿನ ಅಜ್ಜಿ ಪ್ರತಿ ವಾರ ನಿನ್ ಹೆಸ್ರಲ್ಲಿ ಬಡಿಸಿಡ್ತಾರೆ."

ಅವಳಿಗೆ ಕಣ್ಣು ತುಂಬಿ ಬಂತು. ಕುರ್ಚಿ ಎಳೆದು ಕೂತು ಅನ್ನಕ್ಕೆ ಕೈ ಹಾಕಿದಳು. "ನಾನು ಬಂದೇ ಬರ್ತೀನಂತ ಕಾಯ್ತಿದ್ರಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಒಳಗಿನಿಂದ ಓಡಿಬಂದು ಅವಳ ಕೈ ಹಿಡಿದಳು.

"ತಿನ್ಬಾರದು ಮಗಳೇ! ಅದು ಇವರ ಸತ್ತ ಹೆಂಡತಿಗೆ ಇಟ್ಟ ಎಡೆ."