ಮೂರನೇ ಮಹಡಿಯಿಂದ ಹಾರಿದವನು

ಅಂಗವಿಕಲರ ಪ್ರಮಾಣಪತ್ರಕ್ಕಾಗಿ ಅವನು ಆಸ್ಪತ್ರೆಗೆ ಬಂದದ್ದು ಇದು ಐದನೇ ಸಲ. ಡಾಕ್ಟರ ಸಹಿ ಎಂದೋ ಆಗಿತ್ತು. ಸೀಲು ಮಾತ್ರ ಗುಮಾಸ್ತನ ಡ್ರಾಯರಿನಲ್ಲಿತ್ತು. ನಿಂತೂ ನಿಂತೂ ಸಾಕಾಗಿ ಅವನು ಊರುಗೋಲನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸುತ್ತಿದ್ದ.

"ಎರಡು ಸಾವಿರ ಅಂತ ಮೊದಲನೇ ದಿನವೇ ಹೇಳಿದ್ನಲ್ಲ," ಎಂದ ಗುಮಾಸ್ತ, ತಲೆಯೆತ್ತದೆ. "ಅದಿರಲಿ, ಕಾಲು ಹೆಂಗೆ ಮುರೀತು?"

"ಶೂಟಿಂಗಲ್ಲಿ ಸಾರ್. ಹೀರೋಗೆ ಡೂಪು ನಾನು. ತಮಿಳು ಪಿಕ್ಚರು, ಲಂಚಕೋರರನ್ನ ಹುಡುಕಿ ಹುಡುಕಿ ಹೊಡೀತಾನಲ್ಲ, ಅದು. ಮೂರನೇ ಮಹಡಿಯಿಂದ ಆಫೀಸರ್ ಜೀಪಿನ ಮೇಲೆ ಹಾರೋದು ನಾನೇ."

ಗುಮಾಸ್ತ ದಡಕ್ಕನೆ ಎದ್ದ. "ಆ ಜಂಪು ನೀವಾ! ಆರು ಸಲ ನೋಡಿದೀನಿ ಅಣ್ಣಾ. ಶಿಳ್ಳೆ ಹೊಡೆದೂ ಹೊಡೆದೂ ಬಾಯಿ ನೋವು ಬಂದಿತ್ತು. ಆ ಲಂಚಕೋರ ನನ್ಮಕ್ಕಳಿಗೆ ಹಂಗೇ ಆಗ್ಬೇಕು!"

ತನ್ನ ಕುರ್ಚಿಯನ್ನೇ ಹೊರಗೆ ತಂದು ಅವನನ್ನು ಕೂರಿಸಿದ. ಬಗ್ಗಿ, ಮುರಿದ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಹಂಗಾದ್ರೆ ಸಾರ್, ಸೀಲು..."

"ಈಗಲೇ ಹಾಕ್ತೀನಿ. ನಿಮ್ಮ ಹತ್ರ ಪೂರ್ತಿ ಇಸ್ಕೊಂಡ್ರೆ ದೇವರು ಮೆಚ್ಚಲ್ಲ ಅಣ್ಣಾ. ಅರ್ಧ ಕೊಡಿ, ಸಾಕು."