ಪಾಯಸದ ಪಾತ್ರೆಗೆ ನಳ್ಳಿ

ಬರ್ತಾ ಬಾಯಿ ಬ್ಯಾಗಿನಿಂದ ವೇಳಾಂಕಣಿ ಮಾತೆಯನ್ನು ತೆಗೆದು, ಸಯೀದನ ಅಂಗಡಿಯ ಮೊದಲ ಪಾತ್ರೆಯ ಹೊಟ್ಟೆಗೆ ಒತ್ತಿದರು. ಮಾತೆ ಟಪ್ಪೆಂದು ಅಂಟಿಕೊಂಡಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಬೊಂಬೆ ಅದು. ಅಯಸ್ಕಾಂತ ಹಿಡಿದರೆ ಸ್ಟೀಲು ಕಳಪೆ, ಹಿಡಿಯದಿದ್ದರೆ ಅಸಲಿ ಎಂದು ಅವರ ತಮ್ಮ ಲಿಡ್ವಿನ್ ದುಬೈಯಿಂದ ಐಎಸ್‌ಡಿ ಕಾಲ್ ಮಾಡಿ ಪಾಠ ಹೇಳಿದ್ದ.

“ನಮ್ಮ ಅಂಗಡಿ ಬಿಟ್ಟು ಹೋಗಲಿಕ್ಕೆ ಮಾತೆಗೆ ಮನಸ್ಸಿಲ್ಲ ನೋಡಿ ಬಾಯಿ,” ಎಂದ ಸಯೀದ್.

“ಅಂಟಿಕೊಂಡಷ್ಟೂ ನಿಮ್ಮ ಪಾತ್ರೆಗೇ ಮರ್ಯಾದೆ ಇಲ್ಲ ಸಾಹೇಬ್ರೇ. ಮುಂದಿನದ್ದು ಇಳಿಸಿ.”

ಗದಗದ ಕಡೆಯ ಹನುಮೇಶ ಇಳಿಸಿದ. ಪಾತ್ರೆ ಇಳಿಸುವುದು, ಏರಿಸುವುದು, ಕೊಂಡವರ ಹೆಸರನ್ನು ಮಿಶನ್ನಿನಲ್ಲಿ ಕೊರೆಯುವುದು ಎಲ್ಲ ಅವನದೇ ಕೆಲಸ. ಕಾಪುವಿಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ಊರಿನ ಗುಟ್ಟುಗಳು ಅವನಿಗಿನ್ನೂ ತಿಳಿದಿರಲಿಲ್ಲ.

ಗುಟ್ಟೆಂದರೆ ಇಷ್ಟೇ. ಜನವರಿಯಲ್ಲಿ ಮಗಳು ಪ್ಯಾಟ್ರಿಶಿಯಾಳ ಮದುವೆ, ಪಾಯಸಕ್ಕೊಂದು ಪಾತ್ರೆ ಬೇಕು ಎಂದಿದ್ದರು ಬರ್ತಾ ಬಾಯಿ. ಮದುವೆ ನಿಜ, ಪಾಯಸ ಮಾತ್ರ ಅಪ್ಪಟ ಸುಳ್ಳು! ಅವರ ದ್ರಾಕ್ಷಿ ವೈನಿನ ಹೆಸರು ಕಾಪುವಿನಿಂದ ಕಾರ್ಕಳದವರೆಗೆ ಗೊತ್ತು. ಅತ್ತೆಯ ಕಾಲದ ಭರಣಿ ಒಡೆದ ಮೇಲೆ ಕಳೆದ ಕ್ರಿಸ್ಮಸಿಗೆ ಯಾವುದೋ ಅಗ್ಗದ ಪಾತ್ರೆಯಲ್ಲಿ ಹಾಕಿದ ವೈನು ಕಬ್ಬಿಣ ನೆಕ್ಕಿದ ಹಾಗಾಗಿ, ಪಾದ್ರಿಗಳು ಒಂದು ಗುಟುಕು ಕುಡಿದು “ನೀರು ಉಂಟಾ ಬಾಯಿ?” ಎಂದು ಕೇಳಿದ್ದೂ ಊರಿಗೆಲ್ಲ ಗೊತ್ತು. ಮದುವೆಯಲ್ಲಿ ಮುನ್ನೂರು ಜನ ಗ್ಲಾಸು ಎತ್ತುವಾಗ ಮತ್ತೆ ಹಾಗೇ ಆದರೆ ಬಾಯಿ ಇಗರ್ಜಿಯ ಮೆಟ್ಟಿಲು ಹತ್ತುವ ಹಾಗಿಲ್ಲ. ಆದರೂ ಐದು ಹೊತ್ತು ನಮಾಜು ಮಾಡುವ ಸಯೀದನ ಮುಂದೆ ವೈನಿನ ಮಾತು ಎತ್ತುವುದು ಸರಿಯಲ್ಲ ಎಂದು ಅವರು. ಗೊತ್ತಿದ್ದೂ ಕೇಳುವುದು ಸರಿಯಲ್ಲ ಎಂದು ಇವನು. ಹೀಗೆ ಇಬ್ಬರೂ ಸೇರಿ ಅರ್ಧ ಗಂಟೆಯಿಂದ ಪಾಯಸದ ಪಾತ್ರೆ ಹುಡುಕುತ್ತಿದ್ದರು.

ಏಳನೆಯದು ತಳದ ಹತ್ತಿರ ತಿರುಗಿಸಿ ನೀರು ಬಿಡುವ ನಳ್ಳಿ ಇಟ್ಟ ದೊಡ್ಡ ಪಾತ್ರೆ. ಹೊಟ್ಟೆಗೆ ಒತ್ತಿದರೆ ಮಾತೆ ಜಾರಿದಳು. ತಳಕ್ಕೆ, ಮುಚ್ಚಳಕ್ಕೆ, ಕೊನೆಗೆ ನಳ್ಳಿಗೂ ಒತ್ತಿದರು. ಎಲ್ಲೂ ಹಿಡಿಯಲಿಲ್ಲ.

“ಇದೇ! ನಳ್ಳಿ ಕೂಡ ಅಸಲಿ! ರೇಟೂ ನನ್ನ ಕೈಗೆ ಸಿಗುವ ಹಾಗೆ ಉಂಟು. ಕಟ್ಟಿಕೊಡಿ ಸಾಹೇಬ್ರೇ!”

“ಪಾಯಸದ ಪಾತ್ರಿಗೆ ನಳ ಯಾಕ್ರೀ ಬಾಯಾರ?” ಎಂದ ಹನುಮೇಶ. “ಶ್ಯಾವಿಗಿ ಸಿಕ್ಕೊಂಡು ಕುಂದರ್ತಾವಲ್ರೀ!”

ಬಾಯಿಗೆ ಕೆಮ್ಮು ಬಂತು. ಸಯೀದ್ ಸೂರು ನೋಡಿದ. “ನೀನು ಹೋಗಿ ಮಿಶನ್ನು ಒರೆಸು ಮಾರಾಯ!”

ನಗು ಬಂದರೂ ಸಯೀದನಿಗೆ ಬೇರೆಯೇ ಪೇಚಾಟ. ಪಾತ್ರೆಯೇನೋ ಅಸಲಿಯೇ. ನಳ್ಳಿ ಮಾತ್ರ ಹಿತ್ತಾಳೆ, ಮೇಲೆ ಬಿಳಿ ಗಿಲೀಟು. ಅಯಸ್ಕಾಂತ ಹಿತ್ತಾಳೆಯನ್ನೂ ಹಿಡಿಯುವುದಿಲ್ಲ ಎಂದು ಹೇಳಲು ದುಬೈಯ ತಮ್ಮ ಮರೆತಿದ್ದ. ನೀರಿಗೆ ಅಡ್ಡಿಯಿಲ್ಲ, ಪಾಯಸಕ್ಕೂ ಅಡ್ಡಿಯಿಲ್ಲ. ಹುಳಿ ದ್ರಾಕ್ಷಿ ವಾರಗಟ್ಟಲೆ ಕೂತರೆ ಮಾತ್ರ ಕಿಲುಬು ಬಿಡುವುದು ಖಂಡಿತ. ಬಾಯಿ ಆಗಲೇ ಪರ್ಸು ಬಿಚ್ಚಿದ್ದರು. ಬಾಯಿಬಿಟ್ಟು ಹೇಳಿದರೆ ಅವರು ನಾಚಿಕೆಯಿಂದ ಕುಗ್ಗಿ ಹೋಗುತ್ತಾರೆ. ಸುಮ್ಮನಿದ್ದರೆ ಆ ಹುಡುಗಿಯ ಮದುವೆ ಕೆಡುತ್ತದೆ. ಯಾ ಅಲ್ಲಾ, ಇದೆಂಥ ವ್ಯಾಪಾರ!

“ಬಾಯಿ, ಒಂದು ಮಾತು. ಪಾಯಸ ಅದೇ ದಿನ ಮಾಡಿ ಅದೇ ದಿನ ಬಡಿಸುವುದಾದರೆ ಇದನ್ನೇ ತಗೊಳ್ಳಿ, ಎಂತದೂ ಆಗುವುದಿಲ್ಲ.” ಸಯೀದ್ ಗಂಟಲು ಸರಿಮಾಡಿಕೊಂಡ. “ಆದರೆ ಪಾಯಸ ನಲವತ್ತು ದಿನ ಇಡುವುದಾದರೆ ಇದು ಬೇಡ.”

ಬಾಯಿಯ ಕೈ ಪರ್ಸಿನೊಳಗೇ ನಿಂತಿತು. ಸಯೀದ್ ಚಾಕುವಿನ ತುದಿಯಿಂದ ನಳ್ಳಿಯ ಒಳಗಿನ ತಿರುಪನ್ನು ಗೀಚಿದ. ಗಿಲೀಟು ಎದ್ದು ಹಳದಿ ಕಂಡಿತು. ಹಿತ್ತಾಳೆಗೆ ಹುಳಿ ತಾಗಿದರೆ ಏನಾಗುತ್ತದೆಂದು ನಲವತ್ತು ವರ್ಷ ಒಲೆಯ ಮುಂದೆ ನಿಂತವರಿಗೆ ಬಿಡಿಸಿ ಹೇಳಬೇಕೆ?

“ಜೆಜು ಸ್ವಾಮಿ! ಈ ಸಲವೂ ಪಾದ್ರಿಗಳು ನೀರು ಕೇಳ್ತಿದ್ದರು!” ಎಂದವರೇ ಬಾಯಿ ನಾಲಿಗೆ ಕಚ್ಚಿಕೊಂಡರು.

“ಪಾಯಸ ಸಿಹಿ ಜಾಸ್ತಿಯಾದರೆ ಯಾರಾದರೂ ನೀರು ಕೇಳ್ತಾರೆ ಬಾಯಿ,” ಎಂದ ಸಯೀದ್, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ.

ಆಮೇಲೆ ತಾನೇ ಸ್ಟೂಲು ಹತ್ತಿ, ಮೇಲಿನ ಸಾಲಿನಿಂದ ನಳ್ಳಿಯಿಲ್ಲದ ದಪ್ಪ ಪಾತ್ರೆಯೊಂದನ್ನು ಇಳಿಸಿ, ಬೆರಳ ಗೆಣ್ಣಿನಿಂದ ಬಡಿದು ತೋರಿಸಿದ. “ಇದು ರೇಟಿನಲ್ಲೂ ಕಡಿಮೆ. ಎಲ್ಲೂ ಬೆಸುಗೆ ಇಲ್ಲ, ಅಂಚು ನುಣ್ಣಗೆ ಉಂಟು. ಮನೆಯಲ್ಲಿ ನನ್ನ ಹೆಂಡತಿ ಆಸ್ಯಾ ಮೂರು ಬೇಸಿಗೆಯಿಂದ ಹುಳಿ ಹುಳಿ ಪುನರ್ಪುಳಿ ಹಣ್ಣಿನ ಶರಬತ್ತು ಮಾಡುವುದು ಇಂಥದ್ದರಲ್ಲೇ. ಒಂದು ಚುಕ್ಕೆ ಬಿದ್ದಿಲ್ಲ. ಪಾಯಸಕ್ಕೆ ಸೌಟು ಸಾಕಲ್ವಾ?”

“ಸಾಕು, ಸಾಕು, ಧಾರಾಳ ಸಾಕು!” ಎಂದರು ಬಾಯಿ. ಆದರೂ ಬಿಡದೆ ಮಾತೆಯನ್ನು ಒಮ್ಮೆ ಒತ್ತಿಯೇ ನೋಡಿದರು. ಮಾತೆ ಜಾರಿ ಅವರ ಅಂಗೈಗೇ ಬಿದ್ದಳು.

ಹನುಮೇಶ ಕರ್ರೆಂದು ಹೆಸರು ಕೊರೆದು, ಪಾತ್ರೆಯನ್ನು ರಿಕ್ಷಾದಲ್ಲಿಟ್ಟ. ಬಾಯಿ ಹತ್ತಲು ಹೋದವರು ತಿರುಗಿ ನಿಂತರು.

“ಮದುವೆಗೆ ಆಸ್ಯಾಳನ್ನೂ ಕರ್ಕೊಂಡು ಬರಬೇಕು ಸಾಹೇಬ್ರೇ. ಪಾಯಸ ಉಂಟು.”

“ಖಂಡಿತ ಬರ್ತೇವೆ ಬಾಯಿ,” ಎಂದ ಸಯೀದ್. “ಆದರೆ ನಮಗೆ ಅವತ್ತೇ ಮಾಡಿದ್ದು ಸಾಕು.”