ಮಾತು ನಿಲ್ಲಿಸಿದ ಹೃದಯ

ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಸಿದ್ಧವೀರಪ್ಪನವರ ಕೃತಕ ಹೃದಯ, ಕೃತಕ ಶ್ವಾಸಕೋಶ ಎರಡೂ ದೋಷ ಪತ್ತೆಗೆಂದು ಹಾಕುವ ಡೀಬಗ್ ಆವೃತ್ತಿಯ ತಂತ್ರಾಂಶದಲ್ಲಿದ್ದವು. ಏನೇ ಏರುಪೇರಾದರೂ ಎದೆಯೊಳಗಿಂದಲೇ ಹೇಳಿಬಿಡುತ್ತಿದ್ದವು: "ಎಡ ಕವಾಟ ತಡ. ನೋವು ಇದೆ." ಇಡೀ ಸಂಸಾರದಲ್ಲಿ ಗಂಡನ ಬಾಯಿಂದ ನೋವಿದೆಯೆಂಬ ಮಾತೇ ಕೇಳದಿದ್ದ ಪಂಕಜಮ್ಮನಿಗೆ ಆ ದನಿಯೇ ಧೈರ್ಯವಾಗಿತ್ತು.

ಇವತ್ತು ಡಿಸ್ಚಾರ್ಜ್. ತಂತ್ರಜ್ಞೆ ಫರ್ಹಾನಾ ದಿನಬಳಕೆಯ ರಿಲೀಸ್ ಆವೃತ್ತಿ ಹಾಕಲು ಬಂದಳು. ಅದು ಚುರುಕು, ಆದರೆ ಮೂಕ.

"ಹಳೇದೇ ಇರ್ಲಿ ಬಿಡವ್ವ," ಎಂದರು ಪಂಕಜಮ್ಮ.

"ಮಾತಾಡೋದ್ರಲ್ಲೇ ಅದಕ್ಕೆ ಸುಸ್ತಾಗುತ್ತೆ ಅಮ್ಮಾ. ಇವ್ರಿಗೆ ನಾಲ್ಕು ಮೆಟ್ಲು ಹತ್ತೋಕಾಗಲ್ಲ."

"ಹಂಗಾದ್ರೆ ಹೃದಯ ಒಂದೇ ಬದಲಾಯ್ಸು. ಶ್ವಾಸಕೋಶನಾದ್ರೂ ಮಾತಾಡ್ಲಿ."

ಫರ್ಹಾನಾ ಗಾಬರಿಯಾದಳು. "ಒಂದು ಡೀಬಗ್, ಒಂದು ರಿಲೀಸ್ ಅಂತ ಬೆರೆಸಿದ್ರೆ ಎರಡೂ ನಿಂತೋಗ್ತವೆ!"

ಗುಂಡಿ ಒತ್ತಿದಳು. ಎದೆ ಮೌನವಾಯಿತು.

ಆಟೋದಲ್ಲಿ ಪಂಕಜಮ್ಮ ಗಂಡನ ಮುಖವನ್ನೇ ನೋಡುತ್ತ ಕೂತರು. ಹೆಂಡತಿಯ ದಿಗಿಲು ಕಂಡ ಸಿದ್ಧವೀರಪ್ಪನವರು ಆ ಯಂತ್ರದ ದನಿಯನ್ನೇ ಅನುಕರಿಸಿ, "ಎಡ ಕವಾಟ ಸರಿ. ನೋವು ಇಲ್ಲ," ಎಂದು ನಕ್ಕರು.

ಪಂಕಜಮ್ಮನಿಗೆ ನಗು ಬರಲಿಲ್ಲ. ನೋವಿಲ್ಲದಾಗ ಆ ಹೃದಯ ಸುಮ್ಮನಿರುತ್ತಿತ್ತು. ನೋವಾದಾಗಲೆಲ್ಲ ನೋವಿಲ್ಲ ಎನ್ನುತ್ತಿದ್ದವರು ಇವರು.